ದುಬಾರಿ ಕೇಬಲ್ ಕೊಳ್ಳುವ ಮುಂಚೆ: ಹೋಮ್ ಥಿಯೇಟರಿಗೆ ಒಂಬತ್ತು ಸೂತ್ರಗಳು

ಅಡಿಕೆಗೆ ಒಳ್ಳೆಯ ದರ ಸಿಕ್ಕಿದ ವರ್ಷ ನನಗೆ ಕೈತುಂಬ ಕೆಲಸ. ಬಿ.ಸಿ.ರೋಡಿನಿಂದ ಬೆಳ್ತಂಗಡಿಯವರೆಗೆ, ಇತ್ತ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಯವರೆಗೆ ಹೊಸ ಮನೆ ಕಟ್ಟಿದವರು, ಹಳೆಮನೆಯ ಚಾವಡಿಯನ್ನೇ ಸರಿ ಮಾಡಿಕೊಂಡವರು ಹೋಮ್ ಥಿಯೇಟರ್ ಜೋಡಿಸಿಕೊಡಿ ಎಂದು ಕರೆಯುತ್ತಾರೆ. ಹೆಚ್ಚಿನವರಿಗೆ ಸಿನಿಮಾದಷ್ಟೇ ಯಕ್ಷಗಾನವೂ ಬೇಕು. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೆ ಚೆಂಡೆ ಕೇಳುವುದು ಮನೆಯೊಳಗೇ ತಾನೆ.

ಪುಂಜಾಲಕಟ್ಟೆ ಹತ್ತಿರದ ಒಂದು ಮನೆಯಲ್ಲಿ ಯಜಮಾನರು ಎರಡು ಎಚ್‌ಡಿಎಂಐ ಕೇಬಲ್ ತಂದು ಮೇಜಿನ ಮೇಲಿಟ್ಟರು. ಒಂದಕ್ಕೆ 450 ರೂಪಾಯಿ. ಇನ್ನೊಂದು ಬಟ್ಟೆಯ ಹೊದಿಕೆಯದ್ದು, ಹೆಬ್ಬೆರಳಿನಷ್ಟು ದಪ್ಪ, 14,000 ರೂಪಾಯಿ. "ಮೂರು ಲಕ್ಷದ ಸಿಸ್ಟಮಿಗೆ ಕಮ್ಮಿದು ಹಾಕಿದ್ರೆ ಸೌಂಡ್ ಹಾಳಾಗುದಿಲ್ವಾ ಮಾರಾಯ್ರೆ?" ಎಂದು ಕೇಳಿದರು. ಈ ಪ್ರಶ್ನೆಯನ್ನು ನಾನು ಮನೆಮನೆಯಲ್ಲೂ ಕೇಳಿದ್ದೇನೆ. ಬೆವರು ಸುರಿಸಿ ದುಡಿದ ಹಣ ಅದು, ಸರಿಯಾದ ಜಾಗಕ್ಕೆ ಹೋಗಬೇಕು. ನನ್ನ ಉತ್ತರವನ್ನು ಸೂತ್ರಗಳಾಗಿಯೇ ಬರೆದಿಟ್ಟಿದ್ದೇನೆ.

1. ಡಿಜಿಟಲ್ ಕೇಬಲ್ಲಿನಲ್ಲಿ ಹರಿಯುವುದು ನಾದವಲ್ಲ, ಅಂಕಿ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ಎಚ್‌ಡಿಎಂಐ, ಆಪ್ಟಿಕಲ್, ಕೋಆಕ್ಸಿಯಲ್ ಮೂರರಲ್ಲೂ ಸಾಗುವುದು ಸೊನ್ನೆ ಮತ್ತು ಒಂದು. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲಾ ಎಂಬ ಜೈನ ಸಿದ್ಧಾಂತ ಗ್ರಂಥದ ತಾಳೆಗರಿಗಳನ್ನು ನೆನೆಸಿಕೊಳ್ಳಿ. ಲಿಪಿಕಾರರು ಕೂತು ಅವನ್ನು ಕೈಯಿಂದ ನಕಲು ಮಾಡಿದರು, ನಕಲು ಊರಾಚೆ ಹೋಯಿತು, 1939ರಲ್ಲಿ ಮೊದಲ ಸಂಪುಟ ಅಚ್ಚಾಗಿ ಬಂತು. ನಕಲು ಮಾಡಿದವರ ಲೇಖನಿ ಎಷ್ಟು ಬೆಲೆಯದ್ದಾದರೂ ಅಕ್ಷರ ಸರಿಯಾಗಿ ಇಳಿದಿದ್ದರೆ ಗ್ರಂಥ ಅದೇ. ಬೆಳ್ಳಿಯ ಲೇಖನಿಯಲ್ಲಿ ಬರೆದರೆ ಸಿದ್ಧಾಂತ ಇನ್ನಷ್ಟು ಆಳವಾಗುವುದಿಲ್ಲ. ಬೆಳ್ಳಿ ತಂತಿಯ ಎಚ್‌ಡಿಎಂಐ ಕೇಬಲ್ಲಿನ ಕಥೆಯೂ ಹಾಗೆಯೇ. ಮೇಲಾಗಿ ಎಚ್‌ಡಿಎಂಐಯಲ್ಲಿ ಧ್ವನಿಯ ಅಂಕಿಗಳ ಜೊತೆ ತಪ್ಪು ತಿದ್ದಿಕೊಳ್ಳುವ ಲೆಕ್ಕವೂ ಹೋಗುತ್ತದೆ. ಅಲ್ಲೊಂದು ಇಲ್ಲೊಂದು ಅಂಕಿ ಕೆಟ್ಟರೂ ರಿಸೀವರ್ ಅದನ್ನು ಸರಿ ಮಾಡಿಕೊಳ್ಳುತ್ತದೆ. ಅಂಕಿ ನಾದವಾಗುವುದು ರಿಸೀವರಿನ ಹೊಟ್ಟೆಯೊಳಗೆ, ಕೇಬಲ್ಲಿನಲ್ಲಿ ಅಲ್ಲ.

2. ಕೆಟ್ಟ ಕೇಬಲ್ಲಿನ ಲಕ್ಷಣ ಕಲಿತುಕೊಳ್ಳಿ.

ಪರದೆಯ ಮೇಲೆ ಬಿಳಿ ಚುಕ್ಕೆಗಳು ಮಿನುಗುತ್ತವೆ. ಚಿತ್ರ ಒಂದು ಕ್ಷಣ ಕಪ್ಪಾಗಿ ಮರಳುತ್ತದೆ. ಧ್ವನಿ ಕಡಿಕಡಿದು ಬರುತ್ತದೆ, ಅಥವಾ ಬರುವುದೇ ಇಲ್ಲ. ಇಷ್ಟೇ. ತಾಳೆಗರಿಯಲ್ಲಿ ಹುಳ ತಿಂದ ಕಡೆ ಅಕ್ಷರವೇ ಇರುವುದಿಲ್ಲವಲ್ಲ, ಹಾಗೆ. "ಮದ್ದಳೆ ಮಂಕಾಗಿದೆ", "ಬೇಸ್ ಕಮ್ಮಿ", "ಭಾಗವತರ ಸ್ವರ ಒಣಗಿದ ಹಾಗಿದೆ" ಎಂಬ ದೂರುಗಳಿಗೆ ಡಿಜಿಟಲ್ ಕೇಬಲ್ ಕಾರಣವಲ್ಲ. ಸ್ಪೀಕರನ್ನು, ಕೋಣೆಯನ್ನು, ಸೆಟ್ಟಿಂಗನ್ನು ನೋಡಿ.

3. ದರದ ಚೀಟಿ ಬಿಡಿ, ಪೆಟ್ಟಿಗೆಯ ಮೇಲಿನ ಬರಹ ಓದಿ.

'ಪ್ರೀಮಿಯಂ ಹೈ ಸ್ಪೀಡ್' ಎಂಬ ಪ್ರಮಾಣಪತ್ರದ ಚೀಟಿ ಇದ್ದರೆ ಸೆಕೆಂಡಿಗೆ 18 ಗಿಗಾಬಿಟ್ ದಾಟಿಸುವ ಕೇಬಲ್ ಅದು. ಸಾಮಾನ್ಯ 4ಕೆ ಟಿವಿಗೆ ಧಾರಾಳ ಸಾಕು. 'ಅಲ್ಟ್ರಾ ಹೈ ಸ್ಪೀಡ್' ಎಂದಿದ್ದರೆ 48 ಗಿಗಾಬಿಟ್. ಮಕ್ಕಳು ಹೊಸ ಗೇಮ್ ಯಂತ್ರ ಆಡುವವರಾದರೆ ಇದನ್ನೇ ಕೊಳ್ಳಿ. ಚೀಟಿಯ ಕ್ಯೂಆರ್ ಕೋಡನ್ನು ಅಂಗಡಿಯಲ್ಲೇ ಮೊಬೈಲಿನಲ್ಲಿ ಪರೀಕ್ಷಿಸಿ.

ಈ ಅಂಕಿಗಳ ಎದುರು ಧ್ವನಿಯ ಲೆಕ್ಕ ಎಷ್ಟು ಸಣ್ಣದು ನೋಡಿ. 18 ಗಿಗಾಬಿಟ್ ಅಂದರೆ ಸೆಕೆಂಡಿಗೆ 1,800 ಕೋಟಿ ಬಿಟ್. ಸಿ.ಡಿ.ಯ ಹಾಡಿಗೆ ಬೇಕಾದ್ದು 14 ಲಕ್ಷ. ಓಟಿಟಿಯ ಡಾಲ್ಬಿ ಅಟ್ಮಾಸ್ ಧ್ವನಿಗೆ ಎಂಟು ಲಕ್ಷದೊಳಗೆ. ಯೂಟ್ಯೂಬಿನ ಯಕ್ಷಗಾನಕ್ಕೆ ಸಾಮಾನ್ಯವಾಗಿ ಒಂದೂವರೆ ಲಕ್ಷದ ಆಸುಪಾಸು. ಬ್ಲೂರೇ ಡಿಸ್ಕಿನ ಅತಿ ದಟ್ಟ ಧ್ವನಿಗೂ ಮೂರು ಕೋಟಿ ಮುಟ್ಟುವುದಿಲ್ಲ. ನೇತ್ರಾವತಿಯಷ್ಟು ಅಗಲದ ಪಾತ್ರದಲ್ಲಿ ಒಂದು ಚೊಂಬು ನೀರು ಹರಿಸುತ್ತಿದ್ದೇವೆ. ಪಾತ್ರವನ್ನು ಇನ್ನೂ ಅಗಲ ಮಾಡಿ ಪ್ರಯೋಜನವೇನು?

4. ಆಪ್ಟಿಕಲ್ ಕೇಬಲ್ಲನ್ನು ಹಳತೆಂದು ಬಿಸಾಡಬೇಡಿ.

ತೋಷಿಬಾ ಕಂಪನಿ 1983ರಲ್ಲಿ ತಂದ ಸಂಗತಿ ಇದು. ತುದಿಯಲ್ಲಿ ಕೆಂಪು ಬೆಳಕು ಕಾಣುವ ಸಪೂರ ಕೇಬಲ್. ಬ್ಲೂರೇಯ ಡಾಲ್ಬಿ ಟ್ರೂ ಎಚ್‌ಡಿ ಇದರಲ್ಲಿ ಹೋಗುವುದಿಲ್ಲ, ಅದಕ್ಕೆ ಎಚ್‌ಡಿಎಂಐ ಬೇಕೇ ಬೇಕು. ಆದರೆ ಟಿವಿಯಿಂದ ಹಳೆಯ ಆಂಪ್ಲಿಗೆ, ಸಾಮಾನ್ಯ ಸೌಂಡ್ ಬಾರಿಗೆ ಧ್ವನಿ ಒಯ್ಯಲು ಇನ್ನೂರು ಮುನ್ನೂರು ರೂಪಾಯಿಯ ಆಪ್ಟಿಕಲ್ ಸಾಕು. ಗಾಜಿನ ನಾರು, ಚಿನ್ನದ ತಲೆ ಎಂದು ಹತ್ತು ಪಟ್ಟು ಕೊಡಬೇಡಿ. ಬೆಳಕಿಗೆ ಚಿನ್ನದಿಂದ ಆಗಬೇಕಾದ್ದೇನೂ ಇಲ್ಲ. ಕಡಿದಾಗಿ ಮಡಚಬೇಡಿ, ಅಷ್ಟು ನೋಡಿಕೊಂಡರೆ ಆಯಿತು.

5. ಐದಾರು ಮೀಟರ್ ದಾಟುವ ದಾರಿಗೆ ಮಾತ್ರ ಕೈ ಬಿಚ್ಚಿ.

ಎರಡು ಮೂರು ಮೀಟರಿನಲ್ಲಿ ಬಡ ಕೇಬಲ್ಲೂ ಶ್ರೀಮಂತ ಕೇಬಲ್ಲೂ ಒಂದೇ. ಮಾಳಿಗೆಯ ಕೋಣೆಗೆ ಪ್ರೊಜೆಕ್ಟರ್ ಕಟ್ಟುವವರ ವಿಷಯ ಬೇರೆ. ಐದಾರು ಮೀಟರ್ ದಾಟಿತೆಂದರೆ 4ಕೆ ಚಿತ್ರಕ್ಕೆ ಸಾದಾ ತಾಮ್ರದ ಎಚ್‌ಡಿಎಂಐ ಏದುಸಿರು ಬಿಡತೊಡಗುತ್ತದೆ. ಅಲ್ಲಿ ಒಳಗೆ ಫೈಬರ್ ಇರುವ 'ಆಕ್ಟಿವ್ ಆಪ್ಟಿಕಲ್' ಎಚ್‌ಡಿಎಂಐ ಹಾಕಿ. ಸಾವಿರಗಟ್ಟಲೆ ಕೊಡಬೇಕಾದೀತು, ಆ ಹಣ ಸಾರ್ಥಕ. ಅದಕ್ಕೆ ದಿಕ್ಕು ಇದೆ. ರಿಸೀವರಿನ ತುದಿ, ಪರದೆಯ ತುದಿ ಎಂದು ಬರೆದಿರುತ್ತದೆ, ತಿರುಗಿಸಿ ಹಾಕಿದರೆ ಚಿತ್ರ ಬಾರದು.

ಮನೆ ಕಟ್ಟುತ್ತಿರುವವರಿಗೆ ಒಂದು ಮಾತು. ಎಚ್‌ಡಿಎಂಐ ತಲೆ ಎರಡು ಸೆಂಟಿಮೀಟರಿನಷ್ಟು ಅಗಲ. ಲೈಟಿನ ವಯರಿಗೆ ಹಾಕುವ ಮುಕ್ಕಾಲು ಇಂಚಿನ ಪೈಪಿನಲ್ಲಿ, ಅದರಲ್ಲೂ ಮೂಲೆಯ ಬೆಂಡಿನಲ್ಲಿ, ಅದು ನುಗ್ಗದು. ಒಂದೂವರೆ ಇಂಚಿನ ಪೈಪ್ ಹಾಕಿಸಿ, ಒಳಗೆ ನೈಲಾನ್ ಹಗ್ಗವೊಂದನ್ನು ಬಿಟ್ಟಿರಿ. ಹತ್ತು ವರ್ಷ ಕಳೆದು ಕೇಬಲ್ ಬದಲಿಸುವಾಗ ಮುರಕಲ್ಲಿನ ಗೋಡೆ ಕೊರೆಯಬೇಕಾಗಿ ಬರುವುದಿಲ್ಲ.

6. ಸ್ಪೀಕರ್ ವಯರಿನಲ್ಲಿ ಜಿಪುಣತನ ಬೇಡ, ದುಂದೂ ಬೇಡ.

ಆಂಪ್ಲಿಯಿಂದ ಸ್ಪೀಕರಿಗೆ ಹೋಗುವುದು ಅಂಕಿಯಲ್ಲ, ನಿಜವಾದ ವಿದ್ಯುತ್ತು. ಇಲ್ಲಿ ವಯರಿನ ದಪ್ಪಕ್ಕೆ ಅರ್ಥವಿದೆ. ಹಿಂದಿನ ಸ್ಪೀಕರ್ ಹತ್ತು ಮೀಟರ್ ದೂರ ಎಂದುಕೊಳ್ಳಿ, ಹೋಗಿ ಬರುವ ದಾರಿ ಇಪ್ಪತ್ತು. ಅರ್ಧ ಚದರ ಮಿಲಿಮೀಟರಿನ ಸಪೂರ ವಯರಿಗೆ ಸುಮಾರು 0.8 ಓಮ್ ತಡೆ. ಒಂದೂವರೆಯದಕ್ಕೆ 0.27, ಎರಡೂವರೆಯದಕ್ಕೆ 0.16. ಸ್ಪೀಕರ್ ಆರು ಓಮಿನದ್ದಾದರೆ ವಯರಿನ ತಡೆ ಅದರ ನೂರಕ್ಕೆ ಐದರೊಳಗೆ ಇರಲಿ. ಅಂದರೆ ಒಂದೂವರೆ ಸಾಕು, ಎರಡೂವರೆ ಉತ್ತಮ. ಅದಕ್ಕಿಂತ ಮೇಲೆ ಕೊಟ್ಟದ್ದು ನೋಟಕ್ಕೆ ಮಾತ್ರ.

ಆದರೆ ಅದು ಶುದ್ಧ ತಾಮ್ರವೇ ಆಗಿರಬೇಕು. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ವಯರು ಪೇಟೆಯಲ್ಲಿ ಬೇಕಾದಷ್ಟಿದೆ. ನನ್ನ ಜೇಬಿನಲ್ಲಿ ಯಾವಾಗಲೂ ಒಂದು ಬ್ಲೇಡ್ ಇರುತ್ತದೆ. ವಯರಿನ ಒಂದು ಎಳೆಯನ್ನು ಉಗುರಿನ ಮೇಲಿಟ್ಟು ಮೆಲ್ಲಗೆ ಕೆರೆಯುತ್ತೇನೆ. ಕೆರೆದಷ್ಟೂ ಕೆಂಪಾಗಿಯೇ ಇದ್ದರೆ ತಾಮ್ರ. ಎರಡನೇ ಸಲಕ್ಕೇ ಒಳಗಿನಿಂದ ಬೆಳ್ಳಗೆ ಹೊಳೆದರೆ ಆ ಸುರುಳಿಯನ್ನು ಹಾಗೆಯೇ ವಾಪಸು ಕೊಡಿ. ಕೈಯಲ್ಲಿ ಎತ್ತಿದರೂ ಗೊತ್ತಾಗುತ್ತದೆ. ಅಲ್ಯೂಮಿನಿಯಂ ತೂಕದಲ್ಲಿ ತಾಮ್ರದ ಮೂರನೇ ಒಂದು ಪಾಲಿನಷ್ಟೂ ಇಲ್ಲ.

7. ಕೇಬಲ್ಲಿಗೆ ಇಟ್ಟ ಹಣವನ್ನು ಸಿಡಿಲಿಗೆ ಇಡಿ.

ನಮ್ಮ ಮೂರು ತಾಲೂಕಿನವರಿಗೆ ಇದಕ್ಕಿಂತ ದೊಡ್ಡ ಸೂತ್ರ ನನ್ನಲ್ಲಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಕುದುರೆಮುಖದ ಕಡೆ ಮೋಡ ಕಟ್ಟಿತೆಂದರೆ ನನ್ನ ಎದೆ ಢವಗುಟ್ಟುತ್ತದೆ. ನವರಾತ್ರಿ ಕಳೆದ ಮೇಲೆ ಮತ್ತೊಂದು ಸುತ್ತು.

ಉಜಿರೆಯಿಂದ ಚಾರ್ಮಾಡಿ ಕಡೆ ಹೋಗುವ ದಾರಿಯಲ್ಲಿ ಒಂದು ತೋಟದ ಮನೆ. ಸಿಡಿಲು ಬಿದ್ದದ್ದು ಮನೆಗಲ್ಲ, ದೂರದ ತೆಂಗಿನ ಮರಕ್ಕೆ. ಮನೆಯವರು ಟಿವಿ, ಆಂಪ್ಲಿ ಎರಡರ ಪ್ಲಗ್ಗನ್ನೂ ಕಿತ್ತಿಟ್ಟಿದ್ದರು. ಆದರೆ ಡಿಶ್ಶಿನ ವಯರು ಸೆಟ್‌ಟಾಪ್ ಬಾಕ್ಸಿನಲ್ಲೇ ಉಳಿದಿತ್ತು. ನಾನು ಮರುದಿನ ಹೋದಾಗ ಬಾಕ್ಸಿನ ಹಿಂಬದಿ ಕಪ್ಪಾಗಿತ್ತು, ಅಲ್ಲಿಂದ ಎಚ್‌ಡಿಎಂಐ ಹಿಡಿದು ಬಂದ ಏಟಿಗೆ ರಿಸೀವರಿನ ಬೋರ್ಡೂ ಟಿವಿಯ ಪೋರ್ಟೂ ಹೋಗಿದ್ದವು. ಕೇಬಲ್ ಮಾತ್ರ ಚೆನ್ನಾಗಿಯೇ ಇತ್ತು. ಒಳ್ಳೆಯ ತಾಮ್ರ ಸಿಡಿಲನ್ನೂ ಚೆನ್ನಾಗಿಯೇ ಸಾಗಿಸುತ್ತದೆ. ಆ ಮನೆಯ ಅಮ್ಮ "ಎಲ್ಲ ತೆಗೆದಿಟ್ಟಿದ್ದೆವಲ್ಲ" ಎಂದು ಮತ್ತೆ ಮತ್ತೆ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಸಿಸ್ಟಂ ಜೋಡಿಸಿದ ದಿನ ಡಿಶ್ಶಿನ ವಯರಿನ ವಿಷಯ ಹೇಳಬೇಕಾದವನು ನಾನೇ. ಅಂದಿನಿಂದ ಅದನ್ನು ಹೇಳದೆ ಯಾವ ಮನೆಯ ಮೆಟ್ಟಿಲೂ ಇಳಿದಿಲ್ಲ.

ಆದ್ದರಿಂದ ಗುಡುಗು ಕೇಳುವ ಮೊದಲೇ ಕರೆಂಟಿನ ಪ್ಲಗ್, ಡಿಶ್ ಅಥವಾ ಕೇಬಲ್ ಟಿವಿಯ ವಯರು ಎರಡನ್ನೂ ತೆಗೆಯಿರಿ. ಗುಡುಗು ತಲೆಯ ಮೇಲೆ ಬಂದ ಮೇಲೆ ಮುಟ್ಟಲು ಹೋಗಬೇಡಿ, ಯಂತ್ರಕ್ಕಿಂತ ಜೀವ ದೊಡ್ಡದು. ಮೇನ್ ಬೋರ್ಡಿನಲ್ಲಿ ಸರ್ಜ್ ತಡೆಯುವ ಸಾಧನ ಹಾಕಿಸಿ. ನೇರ ಸಿಡಿಲನ್ನು ಅದು ತಡೆಯದು, ದೂರದ ಸಿಡಿಲಿನ ಏಟನ್ನು ಬಹಳಷ್ಟು ಇಳಿಸುತ್ತದೆ. ಅರ್ತಿಂಗ್ ಹೊಂಡಕ್ಕೆ ಬೇಸಿಗೆಯಲ್ಲಿ ನೀರು ಹಾಕಿ. ಮುರಕಲ್ಲಿನ ನೆಲ ಒಣಗಿ ಅರ್ತಿಂಗ್ ಸೋಲುವುದು ಸಿಡಿಲು ಹೆಚ್ಚಿರುವ ತಿಂಗಳುಗಳಲ್ಲಿಯೇ. ಟಿವಿಗೂ ಆಂಪ್ಲಿಗೂ ನಡುವೆ ಆಪ್ಟಿಕಲ್ ಕೇಬಲ್ ಮಾತ್ರ ಇದ್ದರೆ ಆ ದಾರಿಯಲ್ಲಿ ಪೆಟ್ಟು ದಾಟಲಾರದು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ನಾಲ್ಕನೇ ಸೂತ್ರದಲ್ಲಿ ಅದನ್ನು ಬಿಸಾಡಬೇಡಿ ಎಂದದ್ದು ಇದಕ್ಕೂ ಸೇರಿ.

ಮಳೆಗಾಲ ಮುಗಿದ ಮೇಲೆ ಎಲ್ಲ ಕೇಬಲ್ಲುಗಳನ್ನೂ ಒಮ್ಮೆ ತೆಗೆದು ಮತ್ತೆ ಸಿಕ್ಕಿಸಿ. ಆಟಿಯ ತೇವಕ್ಕೆ ಹಿತ್ತಾಳೆಯ ಪಿನ್ನು ಹಸಿರುಗಟ್ಟುತ್ತದೆ. ಚಿನ್ನದ ಲೇಪ ಉಪಯೋಗಕ್ಕೆ ಬರುವುದು ಇಲ್ಲಿಯೇ. ಅದು ನಾದಕ್ಕಲ್ಲ, ತುಕ್ಕು ಹಿಡಿಯದಿರಲು. ಐನೂರರ ಕೇಬಲ್ಲಿನಲ್ಲೂ ಆ ಲೇಪ ಸಿಗುತ್ತದೆ.

8. ಕೋಣೆಯನ್ನು ಕೇಳಿಸಿಕೊಳ್ಳಿ.

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. "ಟ್ರಿಂಗ್" ಎಂದು ಬಾಲ ಬಂದರೆ ನಿಮ್ಮ ಸ್ಪೀಕರಿನ ಸ್ವರಕ್ಕೂ ಅದೇ ಬಾಲ ಅಂಟಿಕೊಳ್ಳುತ್ತದೆ. ಗ್ರಾನೈಟ್ ನೆಲ, ಗಾಜಿನ ಕಿಟಕಿ, ಖಾಲಿ ಗೋಡೆಯ ಹೊಸ ಮನೆಗಳಲ್ಲಿ ಚೆಂಡೆಯ ಪೆಟ್ಟು ಗೋಡೆಯಿಂದ ಗೋಡೆಗೆ ಹಾರಿ ಭಾಗವತರ ಸಾಹಿತ್ಯವನ್ನೇ ನುಂಗಿಬಿಡುತ್ತದೆ. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಅರ್ಧ ಕೆಲಸ ಆಯಿತು. ನೆಲಕ್ಕೆ ಅಂಟಿಸುವ ಕಾರ್ಪೆಟ್ ಬೇಡ, ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಬಿಸಿಲಿಗೆ ಹಾಕಲು ಬರುವ ಬಟ್ಟೆಯೇ ಇರಲಿ.

ಮಾತು ಬರುವುದು ಸೆಂಟರ್ ಸ್ಪೀಕರಿನಿಂದ. ಅದನ್ನು ಶೋಕೇಸಿನ ಒಳಗೆ ತಳ್ಳಿಟ್ಟರೆ ಡಬ್ಬದೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಅಂಚಿಗೆ ಎಳೆದು, ಮುಖವನ್ನು ಕೂತವರ ಕಿವಿಯ ಕಡೆ ತಿರುಗಿಸಿ. ಈ ಎರಡು ಕೆಲಸಕ್ಕೆ ದುಡ್ಡೇ ಬೇಡ.

9. ಇಷ್ಟಾದರೂ ಸಂಶಯ ಉಳಿದರೆ ಕಣ್ಣು ಕಟ್ಟಿ ಕೇಳಿ.

2007ರಲ್ಲಿ ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿ ಒಂದು ಸವಾಲು ಹಾಕಿದರು. 7,250 ಡಾಲರಿನ ಸ್ಪೀಕರ್ ಕೇಬಲ್ಲನ್ನು ಸಾಮಾನ್ಯ ಕೇಬಲ್ಲಿನಿಂದ ಕಿವಿಯೊಂದರಿಂದಲೇ ಬೇರೆ ಮಾಡಿ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್. ಆ ಪರೀಕ್ಷೆ ಕೊನೆಗೂ ನಡೆಯಲಿಲ್ಲ.

ನೀವು ಮನೆಯಲ್ಲೇ ನಡೆಸಬಹುದು. ವಾಲ್ಯೂಮ್ ಮುಟ್ಟಬೇಡಿ. ಕೇಳುವವರು ಬೆನ್ನು ಹಾಕಿ ಕೂರಲಿ. ಮನೆಯ ಮಗುವೊಂದು ನಾಣ್ಯ ಚಿಮ್ಮಿ, ಬಿದ್ದ ಪ್ರಕಾರ ಒಂದು ಕೇಬಲ್ ಹಾಕಲಿ, ಕಾಗದದಲ್ಲಿ ಬರೆದಿಡಲಿ. ಹಾಗೆ ಹತ್ತು ಸಲ. ಸುಮ್ಮನೆ ಊಹಿಸಿದರೂ ಐದು ಸರಿಯಾಗುವುದು ಸಹಜ. ಹತ್ತರಲ್ಲಿ ಒಂಬತ್ತು ಊಹೆಯಿಂದಲೇ ಸರಿಯಾಗುವ ಸಂಭವ ನೂರಕ್ಕೆ ಒಂದು ಮಾತ್ರ. ನಿಮ್ಮ ಕಿವಿಗೆ ಒಂಬತ್ತು ಸಿಕ್ಕಿದರೆ ದುಬಾರಿಯದ್ದನ್ನೇ ಇಟ್ಟುಕೊಳ್ಳಿ, ನಾನು ಎದುರು ಮಾತಾಡುವುದಿಲ್ಲ.

ಪುಂಜಾಲಕಟ್ಟೆಯ ಮನೆಯಲ್ಲಿ ಕೇಳಲು ಕೂತವರು ಯಜಮಾನರ ತಂದೆ. ಎಪ್ಪತ್ತು ದಾಟಿದವರು, ಊರಿನ ಸಂಘದಲ್ಲಿ ಮದ್ದಳೆ ನುಡಿಸಿ ಬೆರಳು ಗಟ್ಟಿಯಾದವರು. ಮೊಮ್ಮಗಳು ನಾಣ್ಯ ಚಿಮ್ಮಿದಳು. ಪ್ರತಿ ಸಲವೂ ಅಜ್ಜ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೇಳಿ, ನಿಧಾನ ಮಾಡಿ ಉತ್ತರ ಕೊಟ್ಟರು. ಹತ್ತರಲ್ಲಿ ಆರು. ಆಮೇಲೆ ನಾನು ಸೆಂಟರ್ ಸ್ಪೀಕರನ್ನು ಶೋಕೇಸಿನಿಂದ ಒಂದು ಗೇಣು ಮುಂದೆ ಎಳೆದೆ, ಕಿಟಕಿಯ ಪರದೆ ಮುಚ್ಚಿಸಿದೆ, ಅದೇ ಪದ್ಯ ಮತ್ತೆ ಹಾಕಿದೆ. ಅಜ್ಜ ತಾಳ ನಿಲ್ಲಿಸಿ ನನ್ನ ಕಡೆ ತಿರುಗಿ, "ಈಗ ಎಡಗೈ ಕೇಳ್ತದೆ" ಎಂದರು. 14,000ದ ಕೇಬಲ್ಲು ಮರುದಿನ ಅಂಗಡಿಗೆ ವಾಪಸು ಹೋಯಿತು. ಆ ಹಣದಲ್ಲಿ ಹೊಸ ಅರ್ತಿಂಗ್ ಹೊಂಡ ತೆಗೆಸಿ, ಸರ್ಜ್ ಸಾಧನ ಕೂರಿಸಿ, ಉಳಿದದ್ದರಲ್ಲಿ ಎರಡು ಜಮಖಾನೆ ತಂದರು.