ನಮ್ಮ ಮನೆತನದ ಮೂಲವನ್ನು ಅರಸುವ ಬಗೆ

ಬಾದಾಮಿಯ ಚಾಲುಕ್ಯರ ವಂಶಾವಳಿಯನ್ನು ಹೇಳೆಂದರೆ ನಮ್ಮ ವಿದ್ಯಾರ್ಥಿಗಳು ಮೊದಲನೆಯ ಪುಲಕೇಶಿ, ಕೀರ್ತಿವರ್ಮ, ಮಂಗಳೇಶ, ಇಮ್ಮಡಿ ಪುಲಕೇಶಿ ಎಂದು ತಡವರಿಸದೆ ಹೇಳಿಬಿಡುತ್ತಾರೆ. ಆದರೆ ಅದೇ ವಿದ್ಯಾರ್ಥಿಯನ್ನು ‘ನಿನ್ನ ಮುತ್ತಜ್ಜನ ಹೆಸರೇನು? ಮುತ್ತಜ್ಜಿಯ ತವರೂರು ಯಾವುದು?’ ಎಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ. ಸಾವಿರದ ನಾನೂರು ವರ್ಷಗಳ ಹಿಂದಿನ ಅರಸರನ್ನು ಬಲ್ಲ ನಾವು ನೂರು ವರ್ಷಗಳ ಹಿಂದಿನ ನಮ್ಮವರನ್ನೇ ಅರಿಯೆವು. ಇದು ನಗುವ ಮಾತಲ್ಲ, ಯೋಚಿಸತಕ್ಕ ಮಾತು.

ಹುಟ್ಟಿದೂರಿನಲ್ಲಿಯೇ ನೆಲೆನಿಂತವರಿಗೆ ಈ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ. ಅಲ್ಲಿ ಮನೆಯುಂಟು, ದೇವಸ್ಥಾನವುಂಟು, ಹೇಳುವ ಹಿರಿಯರುಂಟು. ಜೀವನೋಪಾಯಕ್ಕಾಗಿ ಊರು ಬಿಟ್ಟವರ ಸ್ಥಿತಿ ಬೇರೆ. ಉಡುಪಿ, ಕುಂದಾಪುರಗಳ ಕಡೆಯಿಂದ ಹೋಟೆಲಿನ ವೃತ್ತಿಯನ್ನು ಹಿಡಿದು ದೂರದ ಪಟ್ಟಣಗಳಿಗೆ ತೆರಳಿದವರುಂಟು. ಬ್ಯಾಂಕು, ರೈಲ್ವೆ, ನೌಕಾದಳ, ಕಾರ್ಖಾನೆಗಳ ಕೆಲಸಕ್ಕೆಂದು ಹೋದವರುಂಟು. ವಿಶಾಖಪಟ್ಟಣದ ಉತ್ತರಕ್ಕೆ ಬೆಳೆದಿರುವ ಮಧುರವಾಡದಂತಹ ಬಡಾವಣೆಯಲ್ಲಿಯೋ ವಿಜಯವಾಡದಲ್ಲಿಯೋ ಬೆಳೆಯುವ ಕನ್ನಡದ ಮಗುವಿಗೆ ಅಜ್ಜನ ಊರು ಬೇಸಗೆಯ ರಜದ ಊರು ಮಾತ್ರ. ಒಂದೆರಡು ತಲೆಮಾರು ಕಳೆದರೆ ಅದೂ ಇಲ್ಲವಾಗಿ, ದಾಯಾದಿಗಳು ಪರಸ್ಪರ ಅಪರಿಚಿತರಾಗುತ್ತಾರೆ. ಕಡಿದ ಈ ಎಳೆಯನ್ನು ಮತ್ತೆ ಹಿಡಿಯುವ ಬಗೆ ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಕನ್ನಡ ನಾಡಿನಿಂದ ಕೃಷ್ಣಾ ಗೋದಾವರಿಗಳ ಬಯಲಿಗೆ ಹೋಗಿ ನೆಲಸುವುದು ಹೊಸದೇನೂ ಅಲ್ಲ. ಇಮ್ಮಡಿ ಪುಲಕೇಶಿಯು ವೆಂಗಿಯನ್ನು ಗೆದ್ದು ತನ್ನ ತಮ್ಮನಾದ ಕುಬ್ಜ ವಿಷ್ಣುವರ್ಧನನನ್ನು ಅಲ್ಲಿಟ್ಟನು. ಸುಮಾರು 624ರ ವೇಳೆಗೆ ಆರಂಭವಾದ ಈ ಶಾಖೆಯೇ ಪೂರ್ವ ಚಾಲುಕ್ಯ ವಂಶ. ಈ ಅರಸರ ತಾಮ್ರಶಾಸನಗಳಲ್ಲಿ ಒಂದು ವಿಶೇಷವುಂಟು. ದಾನದ ವಿಷಯವನ್ನು ಹೇಳುವ ಮೊದಲು ವಂಶದ ಅರಸರನ್ನು ಕ್ರಮವಾಗಿ ಹೆಸರಿಸಿ, ಯಾರು ಎಷ್ಟು ವರ್ಷ ಆಳಿದರೆಂಬುದನ್ನೂ ಅನೇಕ ಶಾಸನಗಳು ಕೊಡುತ್ತವೆ. ಮೂಲದಿಂದ ದೂರವಾದ ಮನೆತನವು ತನ್ನ ಲೆಕ್ಕವನ್ನು ಬರೆದಿಟ್ಟುಕೊಂಡುದರಿಂದಲೇ ಇಂದು ಅವರ ಚರಿತ್ರೆಯನ್ನು ಬರೆಯುವುದು ಸಾಧ್ಯವಾಯಿತು.

ಅರಸರ ಮಾತು ಹಾಗಿರಲಿ. ನಮ್ಮ ಆದಿಕವಿ ಪಂಪನ ಮನೆತನವೇ ಈ ವಿಷಯಕ್ಕೆ ಅತ್ಯುತ್ತಮವಾದ ನಿದರ್ಶನ. ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ತನ್ನ ಪೂರ್ವಿಕರನ್ನು ಹೆಸರಿಸಿದ್ದಾನೆ: ವೆಂಗಿಮಂಡಲದ ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಅಭಿರಾಮದೇವರಾಯ, ಈತನ ಮಗನೇ ಪಂಪ. ತಂದೆಯು ಜೈನಧರ್ಮವನ್ನು ಸ್ವೀಕರಿಸಿದನೆಂಬುದನ್ನೂ ಕವಿಯು ಮರೆಮಾಡಿಲ್ಲ. ಬಹುಕಾಲ ವಿದ್ವಾಂಸರಿಗೆ ಆಧಾರವಾಗಿದ್ದುದು ಕವಿಯ ಈ ಮಾತೇ.

ಬಳಿಕ ಇಂದಿನ ತೆಲಂಗಾಣದ ಕರೀಂನಗರದ ಸಮೀಪದ ಕುರ್ಕ್ಯಾಲದಲ್ಲಿ, ಬೊಮ್ಮಲಗುಟ್ಟವೆಂಬ ಬೆಟ್ಟದ ಬಂಡೆಯ ಮೇಲೆ ಕೊರೆದ ಶಾಸನವು ವಿದ್ವಾಂಸರ ಕಣ್ಣಿಗೆ ಬಿದ್ದಿತು. ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳೂ ಅದರಲ್ಲಿವೆ. ಅದನ್ನು ಬರೆಯಿಸಿದವನು ಜಿನವಲ್ಲಭ. ತಾನು ಪಂಪನ ತಮ್ಮನೆಂದು ಅವನೇ ಹೇಳುತ್ತಾನೆ. ಅಣ್ಣನ ಕಾವ್ಯದಲ್ಲಿಲ್ಲದ ಸಂಗತಿಗಳು ತಮ್ಮನ ಶಾಸನದಲ್ಲಿವೆ. ಮನೆತನದ ಊರು ಕಮ್ಮನಾಡಿನ ವಂಗಿಪರ್ರು, ಗೋತ್ರ ಶ್ರೀವತ್ಸ, ತಾಯಿ ಅಬ್ಬಣಬ್ಬೆ; ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಕಮ್ಮನಾಡೆಂದರೆ ಇಂದಿನ ಗುಂಟೂರಿನ ಪ್ರದೇಶ, ವಿಜಯವಾಡದಿಂದ ಕೃಷ್ಣೆಯ ಆಚೆಯ ದಡ. ಅಣ್ಣಿಗೇರಿಯಾದರೋ ಧಾರವಾಡ ಜಿಲ್ಲೆಯಲ್ಲಿದೆ. ತಂದೆಯ ಕಡೆಯವರು ವೆಂಗಿಯವರು, ತಾಯಿಯ ಕಡೆಯವರು ಬೆಳ್ವೊಲದವರು ಎಂಬುದು ಹೀಗೆ ಸ್ಪಷ್ಟವಾಯಿತು.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಕಾವ್ಯದಲ್ಲಿ ತಂದೆಯ ಹೆಸರು ಅಭಿರಾಮದೇವರಾಯ, ಶಾಸನದಲ್ಲಿ ಭೀಮಪ್ಪಯ್ಯ. ಹೆಸರೊಂದನ್ನೇ ನಂಬುವವನು ಇವರು ಬೇರೆ ಬೇರೆ ಮನೆಯವರೆಂದು ಬಿಟ್ಟುಬಿಡುತ್ತಿದ್ದನು. ಆದರೆ ವೆಂಗಿಯ ಮೂಲ, ಆಶ್ರಯದಾತನಾದ ಅರಿಕೇಸರಿ, ಅವನು ಪಂಪನಿಗೆ ಕೊಟ್ಟ ಧರ್ಮವುರದ ಅಗ್ರಹಾರ ಇವೆಲ್ಲವೂ ಎರಡು ಕಡೆಗಳಲ್ಲಿಯೂ ಹೊಂದಿಕೊಳ್ಳುತ್ತವೆ. ಒಬ್ಬನಿಗೆ ಎರಡು ಹೆಸರಿರಬಹುದು. ಆದರೆ ಊರು, ಕಾಲ, ಬಂಧುಗಳು, ಭೂಮಿ ಎಲ್ಲವೂ ಒಂದೇ ಆದಾಗ ವ್ಯಕ್ತಿಯೂ ಒಬ್ಬನೇ ಎಂದು ನಿರ್ಣಯಿಸಬಹುದು. ಇನ್ನೊಂದು ಪಾಠವೂ ಇದರಲ್ಲಿದೆ: ಅಣ್ಣನಲ್ಲಿಲ್ಲದ ಸಂಗತಿ ತಮ್ಮನಲ್ಲಿ ಸಿಕ್ಕಿತು. ನಮ್ಮ ಮನೆಯ ಕಥೆಯ ಅರ್ಧಭಾಗವು ನಾವು ಕಾಣದ ದಾಯಾದಿಗಳ ಮನೆಯಲ್ಲಿರುವುದು ಸಹಜ. ದೂರದ ಬಂಧುಗಳನ್ನು ಹುಡುಕಬೇಕಾದುದು ಇದಕ್ಕಾಗಿಯೇ.

ಕಾವ್ಯವನ್ನೂ ಶಾಸನವನ್ನೂ ಬರೆಯಿಸಲಾರದ ಜನರಿಗೆ ಬೇರೊಂದು ಏರ್ಪಾಡಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಎತ್ತಿನ ಮೇಲೆ ಕುಳಿತು ಬರುವ ಹೆಳವರು ಒಕ್ಕಲು ಮನೆಗಳ ತಲೆಮಾರುಗಳನ್ನು ಹೇಳುತ್ತ ಬಂದವರು. ಮನೆಯ ಮುಂದೆ ನಿಂತು ಇಂಥವನ ಮಗ ಇಂಥವನೆಂದು ಹಿರಿಯರ ಹೆಸರುಗಳನ್ನು ಹೇಳಿ, ಕಾಳು ಕಾಣಿಕೆಗಳನ್ನು ಪಡೆದು, ಹೊಸದಾಗಿ ಹುಟ್ಟಿದವರ ಹೆಸರನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಳ್ಳುತ್ತಾರೆ. ಆಂಧ್ರದಲ್ಲಿಯೂ ಇಂಥವರುಂಟು, ಅವರನ್ನು ಪಿಚ್ಚಿಗುಂಟ್ಲ ಎನ್ನುತ್ತಾರೆ. ಮನೆಗಳ ಗೋತ್ರಗಳನ್ನೂ ವಂಶಗಳನ್ನೂ ಹೇಳುವುದು ಅವರ ವೃತ್ತಿ. ಭಾಷೆ ಬೇರೆಯಾದರೂ ಎರಡು ನಾಡುಗಳ ಜನರಿಗೂ ತಮ್ಮ ಹಿರಿಯರ ನೆನಪು ಬೇಕಾಗಿತ್ತೆಂಬುದಕ್ಕೆ ಇದೇ ಸಾಕ್ಷಿ.

ದಾಖಲೆಗಳೇ ನಾಶವಾದರೆ ಏನು ಗತಿ? ಇದಕ್ಕೆ ಉತ್ತರವನ್ನು ಐರ್ಲೆಂಡ್ ದೇಶದಿಂದ ಕಲಿಯಬಹುದು. ಆ ದೇಶ ನಮಗೆ ತೀರ ಅಪರಿಚಿತವಲ್ಲ. ಆಂಧ್ರದ ಮದನಪಲ್ಲಿಯಲ್ಲಿ ಅಧ್ಯಾಪಕರಾಗಿದ್ದ, ತರುಣ ಕುವೆಂಪು ಅವರಿಗೆ ಮಾತೃಭಾಷೆಯಲ್ಲಿಯೇ ಬರೆಯಿರೆಂದು ಬುದ್ಧಿ ಹೇಳಿದ ಕವಿ ಜೇಮ್ಸ್ ಕಸಿನ್ಸ್ ಅವರು ಆ ದೇಶದ ಬೆಲ್‌ಫಾಸ್ಟ್ ನಗರದವರು. 1845ರಲ್ಲಿ ಅಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಘೋರವಾದ ಕ್ಷಾಮವುಂಟಾಯಿತು. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಮೃತರಾದರು. ಹತ್ತು ಲಕ್ಷಕ್ಕೂ ಮೇಲ್ಪಟ್ಟವರು ಅಮೆರಿಕ ಮೊದಲಾದ ದೇಶಗಳಿಗೆ ಹೊರಟುಹೋದರು. ಅವರ ಮೊಮ್ಮಕ್ಕಳು ಮೂಲವನ್ನು ಅರಸಿಕೊಂಡು ಬರುವ ವೇಳೆಗೆ ಇನ್ನೊಂದು ವಿಪತ್ತು ಒದಗಿತ್ತು. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ ನಗರದ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿದ್ದು, 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಪುಸ್ತಕಗಳಲ್ಲಿ ಬಹುಪಾಲು ಬೂದಿಯಾದುವು.

ಆದರೂ ಅವರು ಕೈಚೆಲ್ಲಲಿಲ್ಲ. ಒಂದು ಕಾಗದ ಸುಟ್ಟುಹೋದರೆ ಅದೇ ಸಂಗತಿಯನ್ನು ಬೇರೊಂದು ಕಾಗದದಲ್ಲಿ ಹುಡುಕಿದರು. 1847ರಿಂದ 1864ರವರೆಗೆ ಕಂದಾಯಕ್ಕಾಗಿ ನಡೆದ ಗ್ರಿಫಿತ್ ಎಂಬವರ ಭೂಮೌಲ್ಯದ ಪಟ್ಟಿಯಲ್ಲಿ ನೆಲದ ಹಿಡುವಳಿದಾರರ ಹೆಸರುಗಳು ಊರೂರಿನಂತೆ ಉಳಿದಿದ್ದುವು. ಊರಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ನಾಮಕರಣದ ಮತ್ತು ವಿವಾಹದ ಪುಸ್ತಕಗಳಿದ್ದುವು. ವಲಸೆ ಹೋದವರಲ್ಲಿ ಹಲವರು ತಮ್ಮ ಹೆಸರಿನ ಮೊದಲಿದ್ದ ‘ಓ’ ಎಂಬುದನ್ನು ಬಿಟ್ಟುಬಿಟ್ಟಿದ್ದರು. ಅದಕ್ಕೆ ಮೊಮ್ಮಗ, ವಂಶಜ ಎಂದು ಅರ್ಥ. ಆದುದರಿಂದ ಹುಡುಕುವವರು ಹೆಸರಿಗಿಂತ ಹೆಚ್ಚಾಗಿ ಊರನ್ನೇ ಹಿಡಿಯಬೇಕಾಯಿತು. ಸುಟ್ಟುಹೋದ ದಾಖಲೆಗಳ ಪ್ರತಿಗಳನ್ನು ನಾನಾ ದೇಶಗಳಿಂದ ಕೂಡಿಸಿ, ಬೆಂಕಿ ಬಿದ್ದ ನೂರು ವರ್ಷಗಳ ಮೇಲೆ, 2022ರಲ್ಲಿ, ಅವನ್ನು ಗಣಕಯಂತ್ರದ ಮೂಲಕ ಎಲ್ಲರಿಗೂ ತೆರೆದಿಟ್ಟರು.

ಇನ್ನು ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ತಿಳಿದುದರಿಂದ ತಿಳಿಯದುದರ ಕಡೆಗೆ ಒಂದೊಂದೇ ಮೆಟ್ಟಿಲಾಗಿ ಹೋಗಬೇಕು. ಮೊದಲು ತನ್ನ ಹೆಸರು, ಬಳಿಕ ತಂದೆತಾಯಿಗಳು, ಬಳಿಕ ನಾಲ್ವರು ಅಜ್ಜ ಅಜ್ಜಿಯರು, ಬಳಿಕ ಎಂಟು ಮಂದಿ. ಪ್ರತಿ ತಲೆಮಾರಿಗೂ ಇಮ್ಮಡಿಯಾಗುತ್ತ ಹತ್ತನೆಯ ತಲೆಮಾರಿನಲ್ಲಿ 1024 ಸ್ಥಾನಗಳಾಗುತ್ತವೆ. ಶ್ರಾದ್ಧ ಮಾಡುವ ಮನೆಗಳಲ್ಲಿ ಮೂರು ತಲೆಮಾರಿನ ಹೆಸರುಗಳು ಬಾಯಿಪಾಠವಾಗಿರುತ್ತವೆ, ಅಲ್ಲಿಂದಲೇ ಆರಂಭಿಸಬಹುದು.

ಎರಡನೆಯದಾಗಿ, ತಾಯಿಯ ಕಡೆಯನ್ನು ಮರೆಯಬಾರದು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ವಂಶವು ಎಣಿಕೆಯಾಗುತ್ತಿದ್ದುದೇ ತಾಯಿಯಿಂದ. ಅಬ್ಬಣಬ್ಬೆಯ ತವರು ತಿಳಿಯದಿದ್ದರೆ ಪಂಪನ ಮನೆತನದ ಚಿತ್ರವೂ ಅರ್ಧವಾಗಿಯೇ ಉಳಿಯುತ್ತಿತ್ತು.

ಮೂರನೆಯದಾಗಿ, ಹೆಸರಿನೊಡನೆ ಊರನ್ನೂ ಕಾಲವನ್ನೂ ಬರೆಯಬೇಕು. ತೆಲುಗರಲ್ಲಿ ಮನೆಯ ಹೆಸರು ಮೊದಲು ಬರುತ್ತದೆ. ನಮ್ಮಲ್ಲಿ ಕೆಲವರು ಊರಿನ ಮೊದಲಕ್ಷರವನ್ನೂ, ಕೆಲವರು ತಂದೆಯ ಹೆಸರನ್ನೂ, ಕೆಲವರು ಕುಲನಾಮವನ್ನೂ ಇಟ್ಟುಕೊಳ್ಳುತ್ತಾರೆ. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಹೆಸರಿನಿಂದ ಪ್ರಸಿದ್ಧರಾಗುವುದುಂಟು.

ನಾಲ್ಕನೆಯದಾಗಿ, ಬಾಯಿಮಾತನ್ನು ಕಾಗದದೊಡನೆ ಹೋಲಿಸಬೇಕು. ಶಾಲೆಯ ದಾಖಲಾತಿ ಪುಸ್ತಕ, ಜಮೀನಿನ ಪಹಣಿ, ಹಳೆಯ ಕ್ರಯಪತ್ರ, ಲಗ್ನಪತ್ರಿಕೆ, ಜಾತಕ, ಭಾವಚಿತ್ರದ ಹಿಂಬದಿಯ ಬರಹ ಇವೆಲ್ಲ ಸಾಕ್ಷಿಗಳೇ. ದಕ್ಷಿಣ ಕನ್ನಡ, ಬಳ್ಳಾರಿ, ಕೃಷ್ಣಾ, ವಿಶಾಖಪಟ್ಟಣ ಜಿಲ್ಲೆಗಳೆಲ್ಲವೂ ಒಂದು ಕಾಲದಲ್ಲಿ ಮದರಾಸು ಆಧಿಪತ್ಯಕ್ಕೆ ಸೇರಿದ್ದುವು. 1953ರಲ್ಲಿಯೂ 1956ರಲ್ಲಿಯೂ ಗಡಿಗಳು ಬದಲಾದುವು. ಆದರೆ ಗಡಿಯೊಡನೆ ಕಾಗದಗಳೆಲ್ಲ ಸ್ಥಳಾಂತರಗೊಳ್ಳಲಿಲ್ಲ. ಆದುದರಿಂದ ಹಳೆಯ ಕಾಗದ ಊರಿನಲ್ಲಿ ಸಿಗದಿದ್ದರೆ ಚೆನ್ನೈಯ ಪತ್ರಾಗಾರದಲ್ಲಿಯೂ ವಿಚಾರಿಸಬೇಕಾಗಬಹುದು.

ದೂರದ ಬಂಧುವಿಗೆ ಬರೆಯುವ ಪತ್ರವು ಚಿಕ್ಕದಾಗಿರಲಿ. ಕೇಳುವುದು ಒಂದೇ ಪ್ರಶ್ನೆಯಾಗಿರಲಿ. ಮಾದರಿಗಾಗಿ ಒಂದನ್ನು ಕೊಡುತ್ತೇವೆ:

“ಪೂಜ್ಯ ದೊಡ್ಡಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವು ಮಧುರವಾಡದಲ್ಲಿ ಕ್ಷೇಮವಾಗಿದ್ದೇವೆ. ತಮ್ಮ ತಂದೆಯವರೂ ನಮ್ಮ ಅಜ್ಜನವರೂ ಒಡಹುಟ್ಟಿದವರೆಂದು ಅಪ್ಪ ಹೇಳಿದರು. ಅವರ ತಂದೆಯವರ ಹೆಸರು ನಮಗೆ ತಿಳಿದಿದೆ. ತಾಯಿಯವರ ಹೆಸರೂ ತವರೂರೂ ತಿಳಿಯದು. ತಮಗೆ ನೆನಪಿದ್ದರೆ ದಯವಿಟ್ಟು ತಿಳಿಸಬೇಕು. ನಾನು ಬರೆದ ವಂಶಪಟ್ಟಿಯ ಪ್ರತಿಯನ್ನು ಇದರೊಡನೆ ಇಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ ಕಳುಹಿಸಬೇಕು. ದೊಡ್ಡಮ್ಮನವರಿಗೂ ನನ್ನ ನಮಸ್ಕಾರಗಳು.”

ಕೇಳುವುದರ ಜೊತೆಗೆ ತಾನೂ ಏನನ್ನಾದರೂ ಕೊಡುವುದು ಈ ಪತ್ರದ ಗುಣ. ಖಾಲಿ ಸ್ಥಾನಗಳಿರುವ ಪಟ್ಟಿಯನ್ನು ಕಂಡ ಹಿರಿಯರು ಅದನ್ನು ತುಂಬದೆ ಇರಲಾರರು.

ಎಚ್ಚರಿಕೆಯ ಮಾತನ್ನೂ ಹೇಳಬೇಕು. ವಂಶವನ್ನು ಅರಸುವುದು ಹೆಮ್ಮೆ ಕೊಚ್ಚಿಕೊಳ್ಳುವುದಕ್ಕಲ್ಲ. ಹುಡುಕುವವನಿಗೆ ದಿವಾನರು ಸಿಗುವುದಕ್ಕಿಂತ ಕೂಲಿಯವರು, ಸಾಲಗಾರರು, ಹಸಿವಿಗೆ ಊರು ಬಿಟ್ಟವರು ಸಿಗುವ ಸಂಭವವೇ ಹೆಚ್ಚು, ಅವರೂ ನಮ್ಮವರೇ. ಹಿರಿಯರು ಹೇಳಲು ಹಿಂಜರಿಯುವ ದುಃಖದ ಸಂಗತಿಗಳನ್ನು ಕೆದಕಬಾರದು. ಬದುಕಿರುವವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹತ್ತು ಜನರ ಮುಂದೆ ಇಡಬಾರದು.

ಸುಟ್ಟ ಭಂಡಾರವನ್ನು ಐರ್ಲೆಂಡಿನವರು ಪ್ರತಿಗಳಿಂದ ಮತ್ತೆ ಕಟ್ಟಿದರು. ಆದರೆ ನಮ್ಮ ಅಜ್ಜಿಯ ನೆನಪಿಗೆ ಬೇರೊಂದು ಪ್ರತಿಯಿಲ್ಲ. ಆದುದರಿಂದ ಈ ರಜದಲ್ಲಿ ವಿದ್ಯಾರ್ಥಿಗಳು ಒಂದು ನೂರು ಪುಟದ ಪುಸ್ತಕವನ್ನು ಕೊಂಡು, ಮನೆಯ ಅತ್ಯಂತ ಹಿರಿಯರ ಬಳಿಯಲ್ಲಿ ಕುಳಿತು, ಅವರ ತಂದೆತಾಯಿಗಳ ಹೆಸರನ್ನೂ ಊರನ್ನೂ ಮೊದಲನೆಯ ಪುಟದಲ್ಲಿ ಬರೆದುಕೊಳ್ಳಲಿ. ಅಂದಿನ ತಾರೀಖನ್ನೂ ಹೇಳಿದವರ ಹೆಸರನ್ನೂ ಕೆಳಗೆ ನಮೂದಿಸಲಿ. ಉಳಿದ ಪುಟಗಳನ್ನು ತುಂಬುವುದಕ್ಕೆ ವರ್ಷಗಳು ಹಿಡಿದರೂ ಚಿಂತೆಯಿಲ್ಲ. ಮೊದಲನೆಯ ಪುಟವನ್ನು ಮಾತ್ರ ಮುಂದಿನ ರಜಕ್ಕೆಂದು ಬಿಡಬಾರದು.