ತಡೆಯಾಜ್ಞೆ: ಅರ್ಥ ಮತ್ತು ಬಳಕೆ

ನ್ಯಾಯಾಲಯದ ಪದಗಳಲ್ಲಿ ‘ತಡೆಯಾಜ್ಞೆ’ಯಷ್ಟು ಜನಬಳಕೆಗೆ ಬಂದವು ವಿರಳ. ಹಳ್ಳಿಯ ಜಮೀನಿನ ವ್ಯಾಜ್ಯದಿಂದ ಹಿಡಿದು ಸರ್ಕಾರದ ಬೃಹತ್ ಯೋಜನೆಯವರೆಗೆ ‘ಸ್ಟೇ ತಂದಿದ್ದಾರೆ’ ಎಂಬ ಮಾತು ಕೇಳಿಬರುತ್ತದೆ. ತಡೆಯಾಜ್ಞೆ ತಂದ ಪಕ್ಷವು ತಾನು ಗೆದ್ದೆನೆಂದೂ, ಎದುರು ಪಕ್ಷವು ತಾನು ಸೋತೆನೆಂದೂ ಭಾವಿಸುವುದುಂಟು. ಎರಡೂ ಸರಿಯಲ್ಲ. ತಡೆಯಾಜ್ಞೆಯು ತೀರ್ಪಲ್ಲ, ತೀರ್ಪು ಹೊರಬೀಳುವವರೆಗೆ ವಿವಾದದ ವಸ್ತುವನ್ನು ಉಳಿಸಿಡುವ ಏರ್ಪಾಡು.

ಮೂರು ಬಗೆಯ ಆದೇಶಗಳು

ಆಡುಮಾತಿನಲ್ಲಿ ಒಂದೇ ಹೆಸರಿನಿಂದ ಕರೆಯಲ್ಪಡುವ ಆದೇಶಗಳಲ್ಲಿ ಕಾನೂನು ಭೇದವೆಣಿಸುತ್ತದೆ. ಒಂದು ಆದೇಶದ ಅಥವಾ ನಡವಳಿಯ ಜಾರಿಯನ್ನು ತಾತ್ಕಾಲಿಕವಾಗಿ ನಿಲ್ಲಿಸುವುದು ‘ಸ್ಟೇ’, ಅಂದರೆ ತಡೆಯಾಜ್ಞೆ. ಇಂಥ ಕೃತ್ಯವನ್ನು ಮಾಡಕೂಡದೆಂದು ವ್ಯಕ್ತಿಯನ್ನು ಅಥವಾ ಸಂಸ್ಥೆಯನ್ನು ಕಟ್ಟುಪಡಿಸುವುದು ‘ಇಂಜಂಕ್ಷನ್’, ಅಂದರೆ ನಿರ್ಬಂಧಕಾಜ್ಞೆ. ಇದ್ದುದು ಇದ್ದ ಹಾಗೆಯೇ ಇರತಕ್ಕದ್ದೆಂದು ವಿಧಿಸುವುದು ಯಥಾಸ್ಥಿತಿ ಆದೇಶ.

ಸರೋಜಿನಿ ನಗರದ ನಿದರ್ಶನ

ದೆಹಲಿಯ ಸರೋಜಿನಿ ನಗರವು ಕೇಂದ್ರ ಸರ್ಕಾರಿ ನೌಕರರ ವಸತಿ ಬಡಾವಣೆ. ಇದೂ ಸೇರಿದಂತೆ ಏಳು ಬಡಾವಣೆಗಳ ಹಳೆಯ ಮನೆಗಳ ಸ್ಥಳದಲ್ಲಿ ಬಹುಮಹಡಿ ಕಟ್ಟಡಗಳನ್ನು ನಿರ್ಮಿಸುವ ಯೋಜನೆಗಾಗಿ ಸಾವಿರಾರು ಮರಗಳನ್ನು ಕಡಿಯಬೇಕಾಗಿದ್ದಿತು. ಇದನ್ನು ಪ್ರಶ್ನಿಸಿ 2018ರಲ್ಲಿ ವೈದ್ಯರೊಬ್ಬರು ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಜುಲೈ 4ರವರೆಗೆ ಮರ ಕಡಿಯುವುದಿಲ್ಲವೆಂದು ನಿರ್ಮಾಣ ಸಂಸ್ಥೆಯಾದ ಎನ್.ಬಿ.ಸಿ.ಸಿ. ಜೂನ್ 25ರಂದು ನ್ಯಾಯಾಲಯಕ್ಕೆ ಭರವಸೆಯಿತ್ತಿತು. ಜುಲೈ 2ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಯಥಾಸ್ಥಿತಿಯನ್ನು ಕಾಯ್ದುಕೊಳ್ಳುವಂತೆ ಆದೇಶಿಸಿತು. ಜುಲೈ 4ರಂದು ಉಚ್ಚ ನ್ಯಾಯಾಲಯವು ಮರ ಕಡಿಯುವುದರ ಮೇಲಿನ ತಡೆಯನ್ನು ಜುಲೈ 26ರವರೆಗೆ ವಿಸ್ತರಿಸಿತು. ನ್ಯಾಯಾಲಯಕ್ಕೆ ಇತ್ತ ಭರವಸೆಯೂ ಆದೇಶದಂತೆಯೇ ಬಂಧಕವಾದುದು. ಅದನ್ನು ಬುದ್ಧಿಪೂರ್ವಕವಾಗಿ ಮುರಿದರೆ ನ್ಯಾಯಾಂಗ ನಿಂದನೆಯಾಗುತ್ತದೆ.

ಈ ಆದೇಶಗಳಾವುವೂ ಯೋಜನೆಯು ಸರಿಯೆಂದಾಗಲೀ ತಪ್ಪೆಂದಾಗಲೀ ಅಂತಿಮವಾಗಿ ನಿರ್ಣಯಿಸಲಿಲ್ಲ. ಕಟ್ಟಡವನ್ನು ಕೆಲವು ವಾರ ತಡವಾಗಿ ಕಟ್ಟಬಹುದು. ಕಡಿದುರುಳಿಸಿದ ಮರವನ್ನು ಯಾವ ತೀರ್ಪೂ ಮರಳಿ ನಿಲ್ಲಿಸಲಾರದು. ಆದುದರಿಂದಲೇ ಇಂಥ ಆದೇಶ ನೀಡುವ ಮುನ್ನ ನ್ಯಾಯಾಲಯಗಳು ಮೂರು ಅಂಶಗಳನ್ನು ತೂಗಿನೋಡುತ್ತವೆ: ಮೇಲ್ನೋಟಕ್ಕೆ ಅರ್ಜಿದಾರರ ವಾದದಲ್ಲಿ ಹುರುಳಿದೆಯೇ, ತಡೆಯಿಂದ ಅಥವಾ ಅದರ ನಿರಾಕರಣೆಯಿಂದ ಯಾರಿಗೆ ಹೆಚ್ಚಿನ ತೊಂದರೆ, ಮುಂದೆ ತುಂಬಿಕೊಡಲಾಗದ ಹಾನಿ ಸಂಭವಿಸುವುದೇ.

ತಡೆಯಾಜ್ಞೆಯ ಮಿತಿ

ಕರ್ನಾಟಕದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಶ್ರೀ ಚಾಮುಂಡಿ ಮೊಪೆಡ್ಸ್ ಕಂಪನಿಯ ಮೊಕದ್ದಮೆಯಲ್ಲಿ 1992ರಲ್ಲಿ ಈ ವಿಷಯ ಸ್ಪಷ್ಟವಾಯಿತು. ಆದೇಶವು ರದ್ದಾದರೆ ಅದು ಹೊರಡುವುದಕ್ಕೆ ಮುಂಚಿನ ಸ್ಥಿತಿಯು ಮರಳುತ್ತದೆ. ತಡೆಗೊಳಪಟ್ಟ ಆದೇಶವಾದರೋ ಅಸ್ತಿತ್ವದಲ್ಲಿಯೇ ಇರುತ್ತದೆ. ತಡೆ ನೀಡಿದ ದಿನದಿಂದ ಅದು ಕಾರ್ಯಗತವಾಗುವುದಿಲ್ಲ, ಅಷ್ಟೇ. ಮನೆ ತೆರವಿನ ಆದೇಶಕ್ಕೆ ತಡೆ ದೊರೆತ ಬಾಡಿಗೆದಾರನು ಸದ್ಯಕ್ಕೆ ಮನೆಯಲ್ಲಿರಬಹುದು. ತಡೆ ತೆರವಾದೊಡನೆ ಹಳೆಯ ಆದೇಶಕ್ಕೆ ಮತ್ತೆ ಜೀವ ಬರುತ್ತದೆ.

ನಾಗರಿಕರು ಗಮನಿಸತಕ್ಕ ಅಂಶಗಳು

1. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಕೆಳ ನ್ಯಾಯಾಲಯದ ಡಿಕ್ರಿಯ ಜಾರಿ ನಿಲ್ಲುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೆಯ ಆದೇಶದ 5ನೆಯ ನಿಯಮದಂತೆ ತಡೆಯನ್ನು ಪ್ರತ್ಯೇಕವಾಗಿ ಕೋರಿ ಪಡೆಯಬೇಕು.

2. ಎದುರು ಪಕ್ಷಕ್ಕೆ ನೋಟಿಸು ನೀಡದೆ ತಾತ್ಕಾಲಿಕ ನಿರ್ಬಂಧಕಾಜ್ಞೆ ನೀಡಿದಲ್ಲಿ, ಸಿವಿಲ್ ನ್ಯಾಯಾಲಯವು 30 ದಿನಗಳೊಳಗೆ ಆ ಅರ್ಜಿಯನ್ನು ಇತ್ಯರ್ಥಗೊಳಿಸಲು ಪ್ರಯತ್ನಿಸತಕ್ಕದ್ದು. ಬಾಧಿತರು ಅದರ ತೆರವಿಗೆ ಅರ್ಜಿ ಸಲ್ಲಿಸಬಹುದು.

3. ತಡೆಯಾಜ್ಞೆಗಳು ಆರು ತಿಂಗಳ ಬಳಿಕ ತಾವಾಗಿಯೇ ಕೊನೆಗೊಳ್ಳುವುವೆಂದು 2018ರ ತೀರ್ಪೊಂದರಲ್ಲಿ ಹೇಳಲಾಗಿತ್ತು. ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು 2024ರ ಫೆಬ್ರವರಿ 29ರಂದು ಅದನ್ನು ಒಪ್ಪಲಿಲ್ಲ. ಆದುದರಿಂದ ಅವಧಿಯನ್ನು ಊಹಿಸದೆ ಆದೇಶದ ದೃಢೀಕೃತ ಪ್ರತಿಯನ್ನು ಪಡೆದು ಓದಬೇಕು.

4. ತಾತ್ಕಾಲಿಕ ನಿರ್ಬಂಧಕಾಜ್ಞೆಯನ್ನು ಮೀರಿದವರ ಸ್ವತ್ತನ್ನು ಜಫ್ತಿ ಮಾಡಲು, ಮೂರು ತಿಂಗಳಿಗೆ ಮೀರದಂತೆ ಸಿವಿಲ್ ಬಂಧನದಲ್ಲಿಡಲು ಅವಕಾಶವುಂಟು. ಆದೇಶವು ತಪ್ಪೆಂದು ತೋರಿದರೂ ಪಾಲಿಸುತ್ತಲೇ ಅದರ ತೆರವನ್ನು ಕೋರುವುದು ಸರಿಯಾದ ಮಾರ್ಗ.

ತಡೆಯಾಜ್ಞೆಯು ಉಭಯ ಪಕ್ಷಗಳಿಗೂ ನ್ಯಾಯಾಲಯ ನೀಡುವ ಕಾಲಾವಕಾಶ. ಅದನ್ನು ಪಡೆದವರು ವಿಚಾರಣೆಯನ್ನು ಮುಂದೂಡಲೆಂದು ಬಳಸಿದರೆ ಅದರ ಉದ್ದೇಶವೇ ಕೆಡುತ್ತದೆ.