ಚೆಂಡು ಬಾರದ ಓಟಗಳು

ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವವರ ಕಣ್ಣೆಲ್ಲ ಚೆಂಡಿನ ಮೇಲೆ. ಅಂಚುಗೆರೆಯ ಹತ್ತಿರ ನಿಂತು, ಕ್ವಾರ್ಟರ್‌ಬ್ಯಾಕ್ ಎಸೆದ ಮೊಟ್ಟೆಯಾಕಾರದ ಚೆಂಡನ್ನು ಓಡುತ್ತಲೇ ಹಿಡಿಯುವ ವೈಡ್ ರಿಸೀವರ್, ಚೆಂಡು ತನ್ನತ್ತ ಬಂದಾಗ ಮಾತ್ರ ಅವರಿಗೆ ಕಾಣುತ್ತಾನೆ. ನಾನು ನೋಡುವುದು ಉಳಿದ ಹೊತ್ತಿನ ರಿಸೀವರ್‌ನನ್ನು. ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ ಬಂದು, ಇಲ್ಲಿನ ದಕ್ಷಿಣದ ವಿಶ್ವವಿದ್ಯಾಲಯವೊಂದರ ತಂಡದಲ್ಲಿ ಅಥ್ಲೆಟಿಕ್ ಟ್ರೈನರ್ ಆಗಿದ್ದೇನೆ. ರಿಸೀವರ್‌ಗಳ ಗುಂಪು ಹಲವು ವರ್ಷಗಳಿಂದ ನನ್ನ ಪಾಲಿಗಿದೆ. ಆ ಹುಡುಗರ ಬೆರಳು, ತೊಡೆ, ಮಂಡಿ ನೋಡುತ್ತ ಕಲಿತದ್ದು ಇದು.

1. ಮೊದಲು ಓಟದ ಲೆಕ್ಕ, ಆಮೇಲೆ ಕ್ಯಾಚಿನ ಲೆಕ್ಕ

ಒಂದು ಪಂದ್ಯದಲ್ಲಿ ತಂಡವೊಂದಕ್ಕೆ ಆಕ್ರಮಣದ ಸರದಿ ಸುಮಾರು 70 ಸಲ ಸಿಗುತ್ತದೆ. ಹೆಸರುವಾಸಿ ರಿಸೀವರ್ ಕಡೆಗೂ ಚೆಂಡು ಬರುವುದು ಎಂಟೋ ಹತ್ತೋ ಸಲ. ಮಿಕ್ಕಂತೆ ಅವನು ಬರಿಗೈಲಿ ಓಡುತ್ತಾನೆ, ಇಲ್ಲವೇ ಚೆಂಡು ಹೊತ್ತವನಿಗೆ ದಾರಿ ಬಿಡಿಸಲು ಎದುರಾಳಿಯನ್ನು ಮೈಯೊಡ್ಡಿ ತಡೆಯುತ್ತಾನೆ. ಬರಿಗೈ ಓಟವೆಂದು ಸಡಿಲ ಬಿಡುವಂತಿಲ್ಲ. ಬಿಟ್ಟರೆ, ಚೆಂಡು ಬೇರೆಡೆ ಹೋಗಲಿದೆ ಎಂದು ಎದುರಿನ ಕಾರ್ನರ್‌ಬ್ಯಾಕ್‌ಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದ ನಮ್ಮ ದ್ರಾವಿಡ್ ಬಗ್ಗೆ ನಾನು ಹುಡುಗರಿಗೆ ಹೇಳುವುದುಂಟು: ಸ್ಲಿಪ್‌ನಲ್ಲಿ ಕ್ಯಾಚ್ ಬಾರದ ಎಸೆತಕ್ಕೂ ಅವರು ಅಷ್ಟೇ ಎಚ್ಚರದಿಂದ ಬಗ್ಗಿ ನಿಲ್ಲುತ್ತಿದ್ದರು. ಇವರು ಅದೇ ಎಚ್ಚರದಲ್ಲಿ ಪ್ರತಿ ಸಲ ಇಪ್ಪತ್ತು ಮೂವತ್ತು ಗಜ ಓಡಲೂಬೇಕು.

ಹೀಗಾಗಿ ಪಂದ್ಯ ಮುಗಿದ ಸೋಮವಾರ ನಾನು ಮೊದಲು ನೋಡುವುದು ಜರ್ಸಿಯೊಳಗಿನ ಜಿಪಿಎಸ್ ಸಾಧನದ ಅಂಕಿಗಳನ್ನು. ಒಂದೂ ಕ್ಯಾಚ್ ಇಲ್ಲದ ಹುಡುಗನೇ ಎಲ್ಲರಿಗಿಂತ ಹೆಚ್ಚು ದಣಿದಿರುವುದು ಅಪರೂಪವಲ್ಲ. ಅಂಥವನನ್ನು ಯಾರೂ ಮಾತಾಡಿಸಿರುವುದಿಲ್ಲ. ನಾನು ಅವನಿಂದಲೇ ಶುರು ಮಾಡುತ್ತೇನೆ.

2. ತೊಡೆಯ ಪರೀಕ್ಷೆ ಓಡುವಾಗಲ್ಲ, ನಿಲ್ಲುವಾಗ

ರಿಸೀವರ್‌ನ ಕಾಯಿಲೆ ಎಂದರೆ ಹ್ಯಾಮ್‌ಸ್ಟ್ರಿಂಗ್. ಪೂರ್ಣ ವೇಗದಲ್ಲಿ ಕಾಲು ಮುಂದಕ್ಕೆ ಚಾಚಿ, ಪಾದ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ತೊಡೆಯ ಹಿಂಬದಿ ಸ್ನಾಯು ಅತಿ ಹೆಚ್ಚು ಎಳೆತಕ್ಕೆ ಸಿಗುತ್ತದೆ. ಹರಿಯುವುದು ಹೆಚ್ಚಾಗಿ ಆಗಲೇ. ಒಮ್ಮೆ ಹರಿದ ತೊಡೆ ಮತ್ತೆ ಹರಿಯುವ ಸಂಭವ ಹೆಚ್ಚು. ವಾರ ಕಳೆಯುವಷ್ಟರಲ್ಲಿ ನಡೆದರೆ ನೋವಿಲ್ಲ, ನೇರ ಓಡಿದರೂ ನೋವಿಲ್ಲ. ‘ಸರಿಹೋಯಿತು’ ಎಂದು ಹುಡುಗ ಹೆಲ್ಮೆಟ್ ಎತ್ತಿಕೊಳ್ಳುತ್ತಾನೆ.

ನಾನು ಅವನಿಂದ ಕಮ್‌ಬ್ಯಾಕ್ ಓಡಿಸುತ್ತೇನೆ. ಹದಿನೈದು ಗಜ ಶಕ್ತಿಮೀರಿ ಓಡಿ, ಮೂರೇ ಹೆಜ್ಜೆಯಲ್ಲಿ ವೇಗ ಕೊಂದು, ಸೊಂಟ ತಿರುಗಿಸಿ ಕ್ವಾರ್ಟರ್‌ಬ್ಯಾಕ್ ಕಡೆ ವಾಪಸು ಬರುವ ಓಟ ಅದು. ಅಲ್ಲಿ ಆತ ಮೂರರ ಬದಲು ಐದು ಹೆಜ್ಜೆ ತೆಗೆದುಕೊಂಡರೆ ಸಾಕು, ತೊಡೆ ಇನ್ನೂ ಹೆದರುತ್ತಿದೆ ಎಂದು ಅರ್ಥ. ಚಳಿಗಾಲದಲ್ಲಿ ತಪ್ಪದೆ ನಾರ್ಡಿಕ್ ವ್ಯಾಯಾಮ ಮಾಡಿದವರಿಗೆ ಈ ಪರೀಕ್ಷೆಯ ಪ್ರಸಂಗವೇ ಕಡಿಮೆ. ಮಂಡಿಯೂರಿ, ಹಿಮ್ಮಡಿಯನ್ನು ಜೊತೆಗಾರ ಒತ್ತಿ ಹಿಡಿದಿರಲು, ಮೈಯನ್ನು ನಿಧಾನ ಮುಂದಕ್ಕೆ ಇಳಿಸುತ್ತ ಹೋಗುವ ಸರಳ ವ್ಯಾಯಾಮ. ಹುಡುಗರಿಗೆ ಅದು ಕಂಡರಾಗದು, ಅಷ್ಟು ನೋಯುತ್ತದೆ. ಆದರೂ ನಾನು ಅದರಲ್ಲಿ ರಿಯಾಯಿತಿ ಕೊಡುವವನಲ್ಲ.

3. ‘ಬೆರಳು ತಾನೇ’ ಎನ್ನುವವನ ಕೈ ಹಿಡಿದು ಕೂರಿಸಿ

2021ರ ಜನವರಿ 11ರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯ ನೆನೆಸಿಕೊಳ್ಳಿ. ಅಲಬಾಮಾದ ಡೆವಾಂಟಾ ಸ್ಮಿತ್ ಒಹಾಯೊ ಸ್ಟೇಟ್ ವಿರುದ್ಧ ಮೊದಲಾರ್ಧದಲ್ಲೇ 12 ಕ್ಯಾಚ್, 215 ಗಜ, 3 ಟಚ್‌ಡೌನ್ ಗಳಿಸಿದ್ದರು. ಅದಕ್ಕೆ ಕೆಲವೇ ದಿನ ಮುಂಚೆ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಟ್ರೋಫಿ ಅವರ ಕೈಸೇರಿತ್ತು. 1991ರ ಡೆಸ್ಮಂಡ್ ಹೋವರ್ಡ್ ನಂತರ ಅದು ಒಬ್ಬ ರಿಸೀವರ್‌ಗೆ ಸಿಕ್ಕಿದ್ದು ಆಗಲೇ. ದ್ವಿತೀಯಾರ್ಧದ ಆರಂಭದಲ್ಲಿ ಬೆರಳ ಕೀಲು ತಪ್ಪಿತು. ಅಷ್ಟು ದೊಡ್ಡ ರಾತ್ರಿ ಅವರ ಪಾಲಿಗೆ ಒಂದು ಬೆರಳಿನಿಂದಾಗಿ ಅಲ್ಲಿಗೇ ಮುಗಿಯಿತು.

ನಮ್ಮಲ್ಲಿ ಬೆರಳಿನ ದೂರು ತರುವವರು ಸಾಮಾನ್ಯವಾಗಿ ನಿಂತೇ ಮಾತಾಡುತ್ತಾರೆ: ‘ಟೇಪ್ ಸುತ್ತಿ ಕಳಿಸಿಬಿಡಿ.’ ನಾನು ಕೂರಿಸುತ್ತೇನೆ. ಎರಡು ಗಾಯಗಳನ್ನು ಬೇರ್ಪಡಿಸಿ ನೋಡುವುದು ಮುಖ್ಯ. ಚೆಂಡಿನ ಮೂತಿ ನೇರ ಬೆರಳ ತುದಿಗೆ ಬಡಿದರೆ, ತುದಿಯನ್ನು ಮೇಲೆತ್ತುವ ಸ್ನಾಯುರಜ್ಜು ಹರಿದು ತುದಿಗೆಣ್ಣು ಜೋತುಬೀಳುತ್ತದೆ. ಇದು ಮ್ಯಾಲೆಟ್ ಫಿಂಗರ್. ಕ್ರಿಕೆಟ್ ಆಡುವವರಿಗೂ ಗೊತ್ತಿರುವಂಥದ್ದೇ. ಇದಕ್ಕೆ ಆರರಿಂದ ಎಂಟು ವಾರ ಪಟ್ಟಿ ಕಟ್ಟಿ ತುದಿಯನ್ನು ನೆಟ್ಟಗೆ ಇಡಬೇಕು. ಕೈ ತೊಳೆಯಲು ಪಟ್ಟಿ ಬಿಚ್ಚಿದಾಗಲೂ ಬೆರಳನ್ನು ಮೇಜಿಗೆ ಊರಿ ಹಿಡಿದಿರಬೇಕು. ಒಂದು ಸಲ ಬಾಗಿದರೂ ವಾರಗಳ ಎಣಿಕೆ ಮತ್ತೆ ಒಂದರಿಂದ.

ಇನ್ನೊಂದು ಜರ್ಸಿ ಫಿಂಗರ್. ಎದುರಾಳಿಯ ಅಂಗಿ ಹಿಡಿದಿರುವಾಗ ಅವನು ಕೊಸರಿಕೊಂಡು ಓಡಿದರೆ ಬೆರಳು ಮಡಿಸುವ ರಜ್ಜು ಎಲುಬಿನಿಂದ ಕಿತ್ತುಬರುತ್ತದೆ, ಬಹುಪಾಲು ಉಂಗುರ ಬೆರಳಲ್ಲಿ. ಹೊರಗಿನಿಂದ ಬರೀ ಊತ. ನಡುಗೆಣ್ಣನ್ನು ನಾನು ಗಟ್ಟಿಯಾಗಿ ಹಿಡಿದು ‘ತುದಿ ಮಡಿಸು’ ಎನ್ನುತ್ತೇನೆ. ಮಡಿಸಲಾಗದಿದ್ದರೆ ಟೇಪಿನ ಮಾತೇ ಇಲ್ಲ. ಕೈಯ ಶಸ್ತ್ರವೈದ್ಯರ ಬಳಿಗೆ, ಅದೂ ಆ ವಾರವೇ. ತಡವಾದರೆ ರಜ್ಜು ಅಂಗೈಯೊಳಕ್ಕೆ ಸರಿದು, ಹೊಲಿದು ಕೂಡಿಸುವುದು ಕಷ್ಟವಾಗುತ್ತದೆ.

ಟೇಪ್ ಸುತ್ತುವುದೂ ಒಂದು ಕೈಚಳಕ. ಉಳುಕಿದ ಬೆರಳನ್ನು ಪಕ್ಕದ ಬೆರಳಿಗೆ ಜೋಡಿಸುವಾಗ ನಡುವೆ ತೆಳು ಫೋಮ್ ಇಡುತ್ತೇನೆ, ಗೆಣ್ಣಿನ ಮೇಲೆ ಒಂದು ಸುತ್ತು, ಕೆಳಗೆ ಒಂದು ಸುತ್ತು. ಗೆಣ್ಣು ಮಾತ್ರ ಬಯಲು. ಆಮೇಲೆ ಒಂದು ಅಳತೆ ದೊಡ್ಡ ಗ್ಲೌಸ್. ಹಾಗೆ ಕಟ್ಟಿದ ಕೈಯಲ್ಲಿ ಯಂತ್ರ ಉಗಿಯುವ ಚೆಂಡುಗಳನ್ನು ಒಂದಷ್ಟು ಹೊತ್ತು ಹಿಡಿಸಿ ನೋಡದೆ ಯಾರನ್ನೂ ಮೈದಾನಕ್ಕೆ ಬಿಡುವುದಿಲ್ಲ.

4. ತಲೆಗೆ ಪೆಟ್ಟಾದರೆ ಮೊದಲು ತರಗತಿ

ಮೈದಾನದ ನಡುವೆ ಹಾದು ಕ್ಯಾಚ್ ಹಿಡಿಯುವವನ ಕಣ್ಣು ಚೆಂಡಿನ ಮೇಲಿರುತ್ತದೆ, ಎದುರಿಂದ ಬರುವವನ ಮೇಲಲ್ಲ. ರಕ್ಷಣೆಯಿಲ್ಲದ ಆಟಗಾರನ ತಲೆಗೆ ಗುದ್ದುವವರನ್ನು 2013ರಿಂದ ಪಂದ್ಯದಿಂದಲೇ ಹೊರಗೆ ಕಳಿಸುತ್ತಾರೆ. ಒಳ್ಳೆಯ ನಿಯಮ, ಆದರೂ ಗುದ್ದು ನಿಂತಿಲ್ಲ. ಪೆಟ್ಟು ತಿಂದವನು ಆಟಕ್ಕೆ ಮರಳುವ ಹಾದಿ ಮೆಟ್ಟಿಲು ಮೆಟ್ಟಿಲಾಗಿಯೇ, ಮೊದಲ ಮೆಟ್ಟಿಲು ತರಗತಿ. ಪುಸ್ತಕ ಓದಿದರೆ ತಲೆ ಸಿಡಿಯುವ ಹುಡುಗನಿಗೆ ಅಭ್ಯಾಸದ ಮಾತೇ ಬೇಡ. ಮರಳುವ ದಿನ ಗೊತ್ತುಮಾಡುವ ಕೊನೆಯ ಅಧಿಕಾರ, ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ನಿಯಮದಂತೆ, ವೈದ್ಯಕೀಯ ತಂಡದ್ದು, ಕೋಚ್‌ನದಲ್ಲ. ಈ ನಿಯಮವನ್ನು ಸೀಸನ್ನಿನ ಮೊದಲ ದಿನವೇ ಎಲ್ಲರ ಎದುರು ಓದಿ ಹೇಳಬೇಕು. ಪಂದ್ಯದ ಬಿಸಿಯಲ್ಲಿ ಯಾರಿಗೂ ಕೇಳಿಸುವುದಿಲ್ಲ.

5. ನೋವು ಮುಚ್ಚಿಡುವುದಕ್ಕೆ ಕಾರಣವಿದೆ, ಆ ಕಾರಣದೊಂದಿಗೇ ಮಾತಾಡಿ

2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖಚಿತ್ರಗಳಿಂದ ಹಣ ಗಳಿಸಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡುತ್ತಿವೆ. ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಅವರ ಜಾಗಕ್ಕೆ ಬೇರೆ ಕಾಲೇಜಿನಿಂದ ಒಬ್ಬ ಸಿದ್ಧವಾಗಿ ಬರಬಹುದು. ಊರಲ್ಲಿ ಬಾಡಿಗೆ ಮನೆಯಲ್ಲಿರುವ ತಾಯಿಗೆ ಹಣ ಕಳಿಸುವ ಇಪ್ಪತ್ತರ ಹುಡುಗ ಮಂಡಿ ನೋಯುತ್ತಿದೆ ಎಂದು ಬಾಯಿಬಿಡಲು ಹಿಂಜರಿದರೆ ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ. ‘ಧೈರ್ಯವಾಗಿ ಹೇಳು’ ಎಂಬ ಬೋಧನೆಯಿಂದ ಪ್ರಯೋಜನವೂ ಇಲ್ಲ.

ನಾನು ಅಲಬಾಮಾದ ರಿಸೀವರ್ ಆಗಿದ್ದ ಜೇಮ್ಸನ್ ವಿಲಿಯಮ್ಸ್ ಕಥೆ ಹೇಳುತ್ತೇನೆ. 2022ರ ಜನವರಿಯಲ್ಲಿ, ಚಾಂಪಿಯನ್‌ಷಿಪ್ ಪಂದ್ಯದ ನಡುವೆ, ಇಡೀ ದೇಶದ ಕಣ್ಣೆದುರೇ ಅವರ ಮಂಡಿಯ ಎಸಿಎಲ್ ಅಸ್ಥಿರಜ್ಜು ಹರಿಯಿತು. ಆದರೂ ಏಪ್ರಿಲ್‌ನ ವೃತ್ತಿ ಲೀಗಿನ ಆಯ್ಕೆಯಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡ ಅವರನ್ನು 12ನೆಯವರಾಗಿ ಆರಿಸಿಕೊಂಡಿತು. ಎಲ್ಲರಿಗೂ ಗೊತ್ತಿರುವ, ಸರಿಯಾಗಿ ಚಿಕಿತ್ಸೆ ಆದ ಗಾಯಕ್ಕೆ ಬೆಲೆ ಕಟ್ಟಬಹುದು. ಮುಚ್ಚಿಟ್ಟದ್ದು ಉಳಿಯುವುದೂ ಇಲ್ಲ: ಆಯ್ಕೆಗೆ ಮುನ್ನ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ ವೃತ್ತಿ ತಂಡಗಳ ವೈದ್ಯರು ಒಂದೊಂದು ಕೀಲನ್ನೂ ತಿರುವಿ ನೋಡುತ್ತಾರೆ.

6. ಎರಡನೆಯ ಪಾದ

ಕಾಲೇಜಿನಲ್ಲಿ ಗೆರೆಯೊಳಗೆ ಒಂದು ಪಾದ ಊರಿದರೆ ಕ್ಯಾಚ್ ಸಿಂಧು. ವೃತ್ತಿ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಎರಡೂ ಬೇಕು. ಕೊನೆಯ ವರ್ಷದವರು ಅಂಚಿನಲ್ಲಿ ಎರಡನೆಯ ಪಾದದ ಬೆರಳು ಎಳೆಯುವುದನ್ನು ಗಂಟೆಗಟ್ಟಲೆ ಅಭ್ಯಾಸ ಮಾಡಿ, ಹೆಬ್ಬೆರಳ ಬುಡ ನೋಯಿಸಿಕೊಂಡು ಬರುತ್ತಾರೆ. ಅಟ್ಟೆ ಗಟ್ಟಿಯಿರುವ ಷೂ ಕೊಡಿಸಿ, ದಿನಕ್ಕಿಷ್ಟೇ ಎಂದು ಮಿತಿ ಹಾಕಿ.

7. ಪದವಿಯೂ ಚಿಕಿತ್ಸೆಯ ಭಾಗವೇ

ಕಾಲೇಜಿನಲ್ಲಿ ಆಡಿದ ನೂರು ಜನರಲ್ಲಿ ಇಬ್ಬರೂ ಎನ್‌ಎಫ್‌ಎಲ್‌ಗೆ ಆಯ್ಕೆಯಾಗುವುದಿಲ್ಲ. ಟೈರೋನ್ ಪ್ರೋಥ್ರೊ ಆಗಬಹುದಿತ್ತು. 2005ರ ಸೆಪ್ಟೆಂಬರ್‌ನಲ್ಲಿ ಅಲಬಾಮಾಗಾಗಿ ಆಡುತ್ತ, ಎದುರಾಳಿಯನ್ನು ತಬ್ಬಿ ಅವನ ಬೆನ್ನ ಹಿಂದೆ ಚೆಂಡು ಹಿಡಿದ ಆ ಕ್ಯಾಚನ್ನು ಜನ ಇಂದಿಗೂ ಹುಡುಕಿ ನೋಡುತ್ತಾರೆ. ಕೆಲವೇ ವಾರಗಳ ನಂತರ ಫ್ಲಾರಿಡಾ ವಿರುದ್ಧ, ಪಂದ್ಯ ಆಗಲೇ ಕೈಗೆ ಬಂದಿದ್ದಾಗ, ಮತ್ತೊಂದು ಚೆಂಡಿಗೆ ಹಾರಿ ಬಿದ್ದರು. ಕಾಲಿನ ಎರಡೂ ಎಲುಬು ಮುರಿದವು. ಹಲವು ಶಸ್ತ್ರಚಿಕಿತ್ಸೆಗಳಾದರೂ ಮತ್ತೆ ಆಡಲಾಗಲಿಲ್ಲ. ಪದವಿ ಮುಗಿಸಿದರು. ಕಾಲೇಜು ಆಟಗಾರರ ಹಕ್ಕುಗಳಿಗಾಗಿ ನಡೆದ ಓಬ್ಯಾನನ್ ಮೊಕದ್ದಮೆಯಲ್ಲಿ ನ್ಯಾಯಾಲಯದ ಕಟಕಟೆ ಹತ್ತಿ ಮಾತಾಡಿದರು. ಇಂದಿನ ಹುಡುಗರ ಕೈಗೆ ಬರುತ್ತಿರುವ ಹಣದ ಹಿಂದೆ ಅಂಥವರ ಸಾಕ್ಷ್ಯವಿದೆ ಎಂಬುದನ್ನು ಇವರಿಗೆ ತಿಳಿಸುವುದು ನನ್ನ ಕೆಲಸವೆಂದೇ ಭಾವಿಸಿದ್ದೇನೆ.

ಈಗ ಚಿಕಿತ್ಸೆಯ ವೇಳಾಪಟ್ಟಿ ಹಾಕುವಾಗ ತರಗತಿಯ ವೇಳಾಪಟ್ಟಿ ಪಕ್ಕದಲ್ಲೇ ಇರುತ್ತದೆ. ಪ್ರಯೋಗಾಲಯದ ಪಾಠವಿದ್ದರೆ ಐಸ್ ಟಬ್ ಕಾಯಬಹುದು.

8. ಹೊರಡುವವನ ಕೈಗೆ ಕಡತ ಕೊಡಿ

ಕೊನೆಯ ಸೀಸನ್ ಮುಗಿದ ವಾರ ಪ್ರತಿ ಹುಡುಗನನ್ನೂ ಕರೆದು ಅವನ ಎಂಆರ್‌ಐ, ಎಕ್ಸ್‌ರೇ, ಶಸ್ತ್ರಚಿಕಿತ್ಸೆಯ ಟಿಪ್ಪಣಿಗಳ ಪ್ರತಿ ಕೊಡುತ್ತೇನೆ. ಯಾವ ಭುಜಕ್ಕೆ ಏನಾಗಿತ್ತು, ನಲವತ್ತರ ಹೊತ್ತಿಗೆ ಯಾವ ಮಂಡಿ ತಕರಾರು ತೆಗೆಯಬಹುದು, ಹೊಸ ಊರಿನ ವೈದ್ಯರಿಗೆ ಏನು ಹೇಳಬೇಕು ಎಂದು ಒಂದು ಹಾಳೆಯಲ್ಲಿ ಸರಳವಾಗಿ ಬರೆದಿಡುತ್ತೇನೆ. ತಂಡದ ವಿಮೆ ಎಲ್ಲಿಯವರೆಗೆ ಎಂಬುದನ್ನೂ ಅದರಲ್ಲೇ ಬರೆಯಬೇಕು, ಯಾಕೆಂದರೆ ಹೆಚ್ಚಿನವರು ಆ ತಾರೀಕು ದಾಟಿದ ಮೇಲೆ ಫೋನ್ ಮಾಡುತ್ತಾರೆ.